ಹೂಂಗುಟ್ಟಿದವನು

ಕನ್ನಡಕದ ಡಬ್ಬಿಯನ್ನು ಹೆಸರಿನ ಮೇಲೆ ಬರುವ ಹಾಗೆ ಇಟ್ಟು ವ್ಯಾಸರಾಜ ಪಿಂಚಣಿ ಪಾಲಿಸಿಯ ಬಾಂಡನ್ನು ಮೇಜಿನ ಆ ಬದಿಗೆ ಸರಿಸಿದ. ಕಾಗದದ ಜೊತೆ ಡಬ್ಬಿಯೂ ಸರಿಯಬೇಕಲ್ಲ ಎಂದು ಎಡಗೈ ಬೆರಳಿನಿಂದ ಅದನ್ನು ಒತ್ತಿ ಹಿಡಿದೇ ಇದ್ದ. ಗದ್ವಾಲದ ಆ ಕೋಣೆ ಸೀರೆ ಅಂಗಡಿಯ ಮೇಲಿನದು. ಹೊಸ ಸೀರೆಗಳ ಗಂಜಿಯ ವಾಸನೆ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಎದುರಿಗೆ ಕೂತ ಹುಡುಗಿಯ ಹೆಸರು ಪ್ರಶಾಂತಿ ಎಂದು ಬಾಗಿಲ ಹಲಗೆಯ ಮೇಲಿತ್ತು, ಅದರ ಕೆಳಗೆ ಹೂಡಿಕೆ ಸಲಹೆಗಾರ್ತಿ ಎಂದು, ಅದರ ಕೆಳಗೆ ನೋಂದಣಿಯ ಸಂಖ್ಯೆ. ಅವಳು ಬೆರಳನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನಿಗೆ ಕಿರಿಕಿರಿಯಾಯಿತು. ಇದು ಪರಿಚಯದವರೊಬ್ಬರದು, ಕೇಳಿಕೊಂಡು ಬಾ ಅಂದರು, ಅದಕ್ಕೆ ತಂದೆ ಎಂದು ಆಗಲೇ ಹೇಳಿಯಾಗಿತ್ತು. ಮತ್ತೊಮ್ಮೆ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಕೂರುವ ಮೊದಲೇ ಅವಳು ತನ್ನ ಫೀಸು ಇಷ್ಟು ಅಂದಿದ್ದಳು. ಒಂದು ಗಂಟೆಗೆ ಒಂದೂವರೆ ಸಾವಿರ, ರಸೀದಿ ಕೊಡುತ್ತೇನೆ, ಯಾವ ಕಂಪನಿಯಿಂದಲೂ ನನಗೆ ಬೇರೆ ಏನೂ ಬರುವುದಿಲ್ಲ ಅಂತ. ಬರೇ ಮಾತಿಗೆ ಒಂದೂವರೆ ಸಾವಿರ. ಮಕ್ತಲ್‌ನ ಮನೆಯ ಪಡಸಾಲೆಯಲ್ಲಿ ಅಪ್ಪ ನಸುಕಿನಲ್ಲಿ ಪದ್ಯ ಹೇಳುತ್ತಿದ್ದರೆ ಊಟ್ಕೂರಿನಿಂದ, ಮಾಗನೂರಿನಿಂದ ಬಂದವರು ಕಂಬಕ್ಕೆ ಒರಗಿ ಕೂತು ಕೇಳಿ ಎದ್ದು ಹೋಗುತ್ತಿದ್ದರು. ಮಾತಿಗೆ ಬೆಲೆ ಕಟ್ಟಿದವರನ್ನು ಆ ಪಡಸಾಲೆ ಕಂಡಿರಲಿಲ್ಲ. ವಾದೀಂದ್ರಾಚಾರ್ಯರೂ ಕಟ್ಟಿರಲಿಲ್ಲ. ಅವರು ಇದೇ ಗದ್ವಾಲದ ಮಠದಲ್ಲಿ ಪುರಾಣ ಓದುವವರು, ಹೊಟ್ಟೆಪಾಡಿಗೆ ವಿಮೆಯ ಏಜೆನ್ಸಿ ಇಟ್ಟುಕೊಂಡವರು. ನಾರಾಯಣಪೇಟೆಯಲ್ಲಿ ಅಕ್ಕನ ಮನೆಗೆ ಬಂದಾಗಲೂ ಇಷ್ಟು ಫೀಸು ಅಂದವರಲ್ಲ. ಹಾಲು ಕುಡಿದರು, ಓದಿದರು, ಸಹಿ ಹಾಕಿಸಿಕೊಂಡರು, ಅಷ್ಟೇ. ಪುಕ್ಕಟೆ. ಆಚಾರ್ಯರದು ಪುಕ್ಕಟೆ ಎಂದುಕೊಂಡೇ ಅವನು ಈ ಮೆಟ್ಟಿಲು ಹತ್ತಿದ್ದ. ಅಥವಾ ಹಾಗೆ ಅಂದುಕೊಂಡಿರಲಿಲ್ಲವೋ ಏನೋ. ತನ್ನ ಬ್ಯಾಂಕಿನಲ್ಲಿ ಬಿದ್ದ ನಿವೃತ್ತಿಯ ಹಣವನ್ನೂ ಆಚಾರ್ಯರ ಮೂಲಕವೇ ಪಿಂಚಣಿಗೆ ಹಾಕಿದರೆ ಅಕ್ಕನ ಸಹಿಯಾದ ಮೇಲೆ ಅವರು ಕೊಟ್ಟಂಥ ಇನ್ನೊಂದು ಲಕ್ಕೋಟೆ ಬರಬಹುದೇ, ಬಂದರೆ ಎಷ್ಟು ಬರಬಹುದು, ಅದನ್ನು ಬಾಯಿಬಿಟ್ಟು ಕೇಳದೆ ತಿಳಿಯುವುದು ಹೇಗೆ ಎಂಬ ಯೋಚನೆ ಅವನನ್ನು, ಜೋಪಾನಕ್ಕೆಂದು ಅಕ್ಕ ಕೈಗೆ ಕೊಟ್ಟಿದ್ದ ಬಾಂಡಿನ ಸಮೇತ, ಬೆಳಗಿನ ಬಸ್ಸಿಗೆ ಹತ್ತಿಸಿತ್ತು. ಆ ಯೋಚನೆಯ ಮುಖವನ್ನು ಅವನು ನೇರವಾಗಿ ನೋಡಿರಲಿಲ್ಲ.

ಪ್ರಶಾಂತಿ ಹಾಳೆಯ ಮೇಲೆ ಕಣ್ಣಾಡಿಸಿದಳು. ಕೇಳಬೇಕಾದ್ದನ್ನು ಅವನು ಸುತ್ತಿ ಬಳಸಿ ಕೇಳಿದ: ಹೀಗೆ ಒಂದೇ ಗಂಟಿನಲ್ಲಿ ದುಡ್ಡು ಕಟ್ಟಿ ತಿಂಗಳು ತಿಂಗಳು ಪಿಂಚಣಿ ತೆಗೆದುಕೊಂಡರೆ, ಮಾಡಿಸಿದವರಿಗೆ ಏನಾದರೂ ಸಿಗುತ್ತದೆಯೆ.

"ಸಿಗತೈತ್ರೀ ಸಾರ್," ಅಂದಳು. "ನೂರಕ್ಕ ಎರಡರ ಮಟ. ನಿಮ್ಮ ಪರಿಚಯದೋರು ತಾವು ಏನೂ ಕೊಟ್ಟಿಲ್ಲ ಅಂತ ತಿಳಕೊಂಡಿರ್ತಾರ. ಯಾಕಂದ್ರ ಅವರ ಕೈಲಿಂದ ಹೋಗಾದು ಕಾಣಂಗಿಲ್ಲ, ಕಂಪನಿ ಕೊಡತೈತಿ. ಕಂಪನಿ ಎಲ್ಲಿಂದ ಕೊಡತೈತಿ ಹೇಳ್ರಿ? ತಿಂಗಳಿಗೆ ಇಷ್ಟು ಅಂತ ಪಿಂಚಣಿ ಲೆಕ್ಕ ಹಾಕಾಕ ಕುಂದ್ರೂ ಮೊದಲ ಅದನ್ನ ತಗದು ಇಟ್ಟಿರ್ತಾರ. ಏಜೆಂಟ್ ಇಲ್ಲದಂಗ ನೇರ ತಗೊಂಡ್ರ ಪಿಂಚಣಿ ಒಂಚೂರು ಜಾಸ್ತಿನ ಬರತೈತಿ, ಸಾಯೂಮಟ. ನಾ ಫೀಸು ಅಂದ್ರ ನಿಮ್ಮ ಮುಖ ಸಣ್ಣದಾತು. ಅದು ಕಾಣತೈತಿ, ಇದು ಕಾಣಂಗಿಲ್ಲ, ಅಷ್ಟ ಫರಕು."

ಹದಿನೆಂಟು ಲಕ್ಷ. ನೂರಕ್ಕೆ ಎರಡು. ಲೆಕ್ಕ ತಾನಾಗಿಯೇ ತಲೆಯೊಳಗೆ ಆಗಿಹೋಯಿತು, ಮೂವತ್ತಾರು ಸಾವಿರ. ಅದರ ಅರ್ಧ ಹದಿನೆಂಟು ಸಾವಿರ. ಲಕ್ಕೋಟೆಯಲ್ಲಿ ಇದ್ದದ್ದು ಅಷ್ಟೇ. ಮಠದ ಹಿಂಬಾಗಿಲಲ್ಲಿ ಆಚಾರ್ಯರು ತೆಂಗಿನಕಾಯಿ, ಮಂತ್ರಾಕ್ಷತೆ, ಅದರ ಅಡಿಯಲ್ಲಿ ಲಕ್ಕೋಟೆ ಇಟ್ಟು ಅವನ ಉತ್ತರೀಯದ ಸೆರಗಿಗೆ ಹಾಕಿದ್ದರು. ಬಗ್ಗಿ ಕಣ್ಣಿಗೊತ್ತಿಕೊಂಡಿದ್ದ. ಮಠದವರು ಹಳೆಯ ಶ್ರೋತೃಗಳಿಗೆ ಮಾಡುವ ಮರ್ಯಾದೆ ಎಂದು ಮನೆಯಲ್ಲಿ ಹೇಳಿ, ದೇವರ ಮುಂದೆ ಒಂದು ರಾತ್ರಿ ಇಟ್ಟು, ಮರುದಿನ ರಾಯಚೂರಿಗೆ ಹೋಗಿ ಮಂದವಾಗಿದ್ದ ಎಡಗಿವಿಗೆ ಮಷೀನು ಹಾಕಿಸಿಕೊಂಡಿದ್ದ. ಪುರಾಣ ಚೆನ್ನಾಗಿ ಕೇಳಿಸಲಿ ಎಂದು. ಈಗ ಈ ಹುಡುಗಿಯ ಮಾತು ಅದೇ ಮಷೀನಿನ ಮೂಲಕ, ಒಂದಕ್ಷರ ಬಿಡದೆ, ಒಳಗೆ ಬರುತ್ತಿತ್ತು. ಕೆಲವರು ತಮ್ಮ ಕಮಿಷನ್ನಿನಲ್ಲಿ ಗಿರಾಕಿ ತಂದುಕೊಟ್ಟವರಿಗೂ ಕೊಡುತ್ತಾರೆ, ಕಾನೂನು ಪ್ರಕಾರ ಕೊಡಬಾರದು, ಆದರೂ ಕೊಡುತ್ತಾರೆ, ಎಂದೂ ಅವಳು ಅಂದಳು. ಅವನನ್ನು ನೋಡಿ ಅನ್ನಲಿಲ್ಲ, ಹಾಳೆ ನೋಡುತ್ತ ಅಂದಳು.

ಆಚಾರ್ಯರ ಮೇಲೆ ಸಿಟ್ಟು ಬಂತು. ಬಂದದ್ದು ಒಳ್ಳೆಯದಾಯಿತು ಅನ್ನಿಸಿತು. ಸಿಟ್ಟಿನಲ್ಲಿ ಒರಗಲು ಒಂದು ಗೋಡೆ ಸಿಕ್ಕ ಹಾಗಿತ್ತು. ಅವಳು ಬೆರಳಿಟ್ಟ ಸಾಲನ್ನು ನೋಡಿದ. ಈ ಅಮ್ಮ ಆರಿಸಿಕೊಂಡದ್ದು ಕಡಿಮೆ ಪಿಂಚಣಿಯದು, ಅಂದಳು ಪ್ರಶಾಂತಿ. ತಿಂಗಳಿಗೆ ಒಂಬತ್ತೂವರೆ ಸಾವಿರ, ತೀರಿಕೊಂಡ ಮೇಲೆ ಕಟ್ಟಿದ ಗಂಟು ಪೂರ್ತಿ ನಾಮಿನಿಗೆ. ಇದೇ ದುಡ್ಡಿಗೆ, ಹಿಂದೆ ಯಾರಿಗೂ ಏನೂ ಬೇಡ ಅಂದಿದ್ದರೆ ಹನ್ನೆರಡೂವರೆಯ ಮೇಲೆ ಬರುತ್ತಿತ್ತು. ಒಬ್ಬಂಟಿ ಹೆಣ್ಣುಮಗಳು, ಮಕ್ಕಳಿಲ್ಲ, ಬಾಡಿಗೆ ಮನೆ ಅಂತ ನೀವೇ ಅಂದಿರಿ. ತಿಂಗಳಿಗೆ ಮೂರು ಸಾವಿರ ಯಾಕೆ ಬಿಟ್ಟಳು?

"ಕಮಿಷನ್ ಸಲುವಾಗಿ ಹಂಗ ಮಾಡ್ಸಿದ್ದಾರ," ಅಂದ ವ್ಯಾಸರಾಜ. ದನಿಯಲ್ಲಿ ಒಂದು ಉತ್ಸಾಹವಿತ್ತು, ಅವನಿಗೇ ಕೇಳಿಸುವಷ್ಟು.

"ಇಲ್ಲರೀ. ಯಾವುದು ಆರಿಸಿದ್ರೂ ಏಜೆಂಟಗ ಅಷ್ಟ. ಇದರಾಗ ಅವರಿಗೇನೂ ಲಾಭಿಲ್ಲ." ಆಮೇಲೆ ಕೇಳಿದಳು: "ಸಹಿ ಮಾಡೂವಾಗ ಆಯಮ್ಮನ ಬಾಜೂಕ ಯಾರು ಕುಂತಿದ್ರು?"

ಬೆರಳು ಡಬ್ಬಿಯ ಮೇಲೆಯೇ ಇತ್ತು. ಡಬ್ಬಿಯ ಅಡಿಯಲ್ಲಿ ಅಕ್ಕನ ಹೆಸರು ಮಾತ್ರ ಮುಚ್ಚಿತ್ತೆಂದೂ, ಎರಡು ಸಾಲು ಕೆಳಗೆ ನಾಮಿನಿ ಎಂಬಲ್ಲಿ ವ್ಯಾಸರಾಜ, ತಮ್ಮ, ಎಂದು ಅಚ್ಚಾದದ್ದು ಬೆಳಕಿನಲ್ಲಿ ತೆರೆದೇ ಬಿದ್ದಿದೆಯೆಂದೂ ಅವನಿಗೆ ಆಗ ಕಂಡಿತು. ಬಾಗಿಲಲ್ಲಿ ಬರುವಾಗ ಪುಸ್ತಕದಲ್ಲಿ ಬರೆದ ತನ್ನ ಹೆಸರೂ ಅದೇ. ಅವಳು ಇಷ್ಟು ಹೊತ್ತೂ ಬಲ್ಲವಳಾಗಿ ಪರಿಚಯದೋರು, ಪರಿಚಯದೋರು ಅನ್ನುತ್ತಿದ್ದಳು.

ಬಾಂಡು ಕೈಗೆ ಬಂದು ಮೂವತ್ತು ದಿನದೊಳಗೆ ಬೇಡವೆಂದು ಬರೆದುಕೊಟ್ಟರೆ ವಾಪಸು ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಖರ್ಚು ಹಿಡಿದು ಉಳಿದದ್ದು ಕೊಡುತ್ತಾರೆ, ಆಮೇಲೆ ಬೇಕಾದದ್ದನ್ನು ನೇರ ಕೊಂಡುಕೊಳ್ಳಬಹುದು. ಕಾರಣ ಬರೆಯಬೇಕು ಅಷ್ಟೇ. ಇದರ ಗಡುವು ನಾಳೆ ಮುಗಿಯುತ್ತದೆ. ಅಷ್ಟು ಹೇಳಿ ರಸೀದಿ ಬರೆದಳು. ಬರೆಯುತ್ತ, ತಲೆ ಎತ್ತದೆ, ನೀವು ಜೂರಾಲ ಅಣೆಕಟ್ಟಿನ ಆಫೀಸಿನ ವ್ಯಾಸರಾಯರಲ್ಲವೆ, ನಾನು ಲಸ್ಕರ್ ಕಿಷ್ಟಪ್ಪನ ಮಗಳು ಅಂದಳು. ಕಾಲುವೆಯ ತೂಬು ಎತ್ತಿ ಇಳಿಸುವ ಲಸ್ಕರ್ ಕಿಷ್ಟಪ್ಪನ ಪಿಂಚಣಿ ಕಾಗದ ಅವನ ಟೇಬಲ್ಲಿನಿಂದಲೇ ಹೋಗಿತ್ತು. ಆ ಕಾಗದ ಮಂಜೂರಾದ ವಾರವೇ ಮನೆಯ ಕಟ್ಟೆಯ ಮೇಲೆ ಒಂದು ಚೀಲ ಹಸಿ ಶೇಂಗಾ ಬಂದಿತ್ತು. ಪ್ರೀತಿಯಿಂದ ತಂದ ಅಂದಿದ್ದ ಹೆಂಡತಿಗೆ. ಅಪ್ಪ ಚೆನ್ನಾಗಿದ್ದಾನೆಯೆ ಎಂದು ಈಗ ಕೇಳಿದ. ಚೆನ್ನಾಗಿದ್ದಾನೆ, ನಿಮ್ಮನ್ನು ನೆನೆಸುತ್ತಾನೆ ಅಂದಳು. ಯಾವ ರೀತಿ ನೆನೆಸುತ್ತಾನೆಂದು ಅವಳ ಮುಖದಲ್ಲಿ ಹುಡುಕುತ್ತ ಮೆಟ್ಟಿಲಿಳಿದ. ಡಬ್ಬಿಯನ್ನು ಅಲ್ಲೇ ಮರೆತಿದ್ದ. ಅವಳೇ ಹಿಂದೆ ಓಡಿ ಬಂದು ಕೈಗಿಟ್ಟಳು.

ಬಸ್ಸು ಜೂರಾಲ ಕಟ್ಟೆಯ ಮೇಲೆ ನಿಂತುಬಿಟ್ಟಿತು. ಶ್ರಾವಣ, ಮೇಲಿನಿಂದ ಕೃಷ್ಣೆ ತುಂಬಿ ಬಂದು ಗೇಟುಗಳನ್ನು ಎತ್ತಿದ್ದರು. ಕಾರು, ಮೋಟಾರ್ ಸೈಕಲ್ಲು ಅಡ್ಡ ಬಿಟ್ಟು ಜನ ನೀರಿಗೆ ಬೆನ್ನು ಹಾಕಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಕಿಟಕಿಯಿಂದ ತುಂತುರು ಒಳಗೆ ಬರುತ್ತಿತ್ತು. ಸದ್ದು ಜೋರಾಗಿ ಕಿವಿಯ ಮಷೀನು ಕುಂಯ್ ಎಂದಿತು, ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಎಡಗಡೆಯ ಲೋಕ ಮಂಜಾಯಿತು. ಆ ಮಂಜಿನಲ್ಲಿ ನಾರಾಯಣಪೇಟೆಯ ಆ ದ್ವಾದಶಿಯ ಬೆಳಗು ಬಂದು ಕೂತಿತು, ಕೂತು ಏಳಲಿಲ್ಲ. ಪಾರಣೆ ಮುಗಿದಿತ್ತು. ಆಚಾರ್ಯರು ಮಣೆಯ ಮೇಲೆ, ಅಕ್ಕ ಚಾಪೆಯ ಮೇಲೆ, ತಾನು ಬಾಗಿಲ ಪಕ್ಕ. ಪಿಂಚಣಿಯ ವಿಧಗಳನ್ನು ಅವರು ಪುರಾಣದ ದನಿಯಲ್ಲೇ ಓದಿದರು. ಆ ದನಿ ಒಂದೊಂದು ವಾಕ್ಯದ ಕೊನೆಗೆ ಒಂದು ಖಾಲಿ ಬಿಡುತ್ತದೆ; ಆ ಖಾಲಿಯಲ್ಲಿ ಕೇಳುವವರಲ್ಲಿ ಒಬ್ಬ ಹೂಂ ಅನ್ನಬೇಕು. ಅನ್ನದಿದ್ದರೆ ಓದುವವನಿಗೆ ಮುಂದಕ್ಕೆ ಹೋಗಲು ಬರುವುದಿಲ್ಲ. ಚಿಕ್ಕಂದಿನಿಂದ ಆ ಕೆಲಸ ಅವನದು. ವ್ಯಾಸನ ಹೂಂ ಬಿದ್ದರೆ ಅರ್ಥ ತಿಳಿದ ಹಾಗೆ ಅನ್ನುತ್ತಿದ್ದರು ಅಪ್ಪ. ಅರ್ಥ ತಿಳಿಯದಲ್ಲಿ ಅವನು ಬಾಯಿ ತೆರೆಯುತ್ತಿರಲಿಲ್ಲ, ಅಪ್ಪ ಅಲ್ಲಿ ನಿಂತು ಬಿಡಿಸಿ ಹೇಳುತ್ತಿದ್ದರು. ಮನೆಯಲ್ಲಿ ಎಲ್ಲರೂ, ಅಕ್ಕನೂ, ಆ ಹೂಂಕಾರದ ಮೇಲೆಯೇ ತಿಳಿವಳಿಕೆಯ ಭಾರ ಹಾಕಿ ಬೆಳೆದವರು.

ಆಚಾರ್ಯರು ಮೊದಲನೆಯದನ್ನು ಓದಿದರು: ಜೀವ ಇರುವ ತನಕ ಹೆಚ್ಚಿನ ಪಿಂಚಣಿ, ಆಮೇಲೆ ಯಾರಿಗೂ ಏನಿಲ್ಲ. ಖಾಲಿ ಬಿಟ್ಟರು. ಅವನು ಸುಮ್ಮನಿದ್ದ. ಎರಡನೆಯದು, ಏನೋ ಹತ್ತು ವರ್ಷದ ಖಾತ್ರಿಯದು, ಸುಮ್ಮನಿದ್ದ. ಮೂರನೆಯದು: ಪಿಂಚಣಿ ಕಡಿಮೆ, ಹಿಂದಿನವರಿಗೆ ಗಂಟು ವಾಪಸು. ಹೂಂ ಅಂದ. ಆ ಸದ್ದು ಎದೆಯಿಂದ ಎಷ್ಟು ಸಲೀಸಾಗಿ ಎದ್ದು ಬಂತೆಂದರೆ, ಯಾರೋ ಒಳಗೆ ಮೊದಲೇ ಬಾಯಲ್ಲಿಟ್ಟುಕೊಂಡು ಕಾದಿದ್ದ ಹಾಗೆ. ಅಕ್ಕ ತಿರುಗಿ ಅವನನ್ನು ನೋಡಿ, ವ್ಯಾಸ ಹೂಂ ಅಂದನಲ್ಲ, ಅದೇ ಇರಲಿ ಅಂದಳು. ತಟ್ಟೆಯಲ್ಲಿ ಚೆಕ್ಕು ಇಟ್ಟು, ಮೇಲೆ ತುಳಸಿದಳ ಇಟ್ಟು, ಉದ್ಧರಣೆಯಿಂದ ಒಂದು ಹನಿ ನೀರು ಬಿಟ್ಟು ಕೊಟ್ಟಳು, ದಾನ ಕೊಡುವ ಹಾಗೆ. ಶಾಯಿ ಕದಡೀತು ಎಂದು ಆಚಾರ್ಯರು ಚೆಕ್ಕನ್ನು ಪಂಚೆಯಲ್ಲಿ ಒತ್ತಿ ಒರೆಸಿಕೊಂಡರು.

ಕೇಳಿಸಿರಲಿಲ್ಲ ಅನ್ನಬಹುದು. ಆಗ ಮಷೀನು ಇರಲಿಲ್ಲ. ಮೊದಲನೆಯದನ್ನು ಓದಿದಾಗ ಎಡಗಿವಿ ಅತ್ತ ಇತ್ತು. ಅನ್ನಬಹುದು. ಬಸ್ಸು ಅಲುಗದೆ ನಿಂತಿತ್ತು. ಆಚಾರ್ಯರಿಗೆ ಫೋನು ಹಚ್ಚಿದ. ಲಕ್ಕೋಟೆಯ ಮಾತು ಎತ್ತಿ, ಅದು ಕಮಿಷನ್ನೆಂದು ನನಗೆ ಗೊತ್ತಿರಲಿಲ್ಲ, ಅಕ್ಕನಿಂದ ವಾಪಸು ಬರೆಸುತ್ತೇನೆ ಅಂದ. ನೀರಿನ ಸದ್ದಿನಲ್ಲಿ ತನ್ನ ದನಿ ದೊಡ್ಡದಾಗಿ, ಸುತ್ತಲಿನವರು ತಿರುಗಿ ನೋಡಿದರು. ಆಚಾರ್ಯರು ಸಿಟ್ಟಾಗಲಿಲ್ಲ. ವಾಪಸಾದರೆ ಕಂಪನಿ ತಮ್ಮಿಂದ ಕಮಿಷನ್ ಹಿಂದಕ್ಕೆ ಹಿಡಿಯುತ್ತದೆ, ಹಾಗಾದರೆ ನಿಮ್ಮ ಕಡೆಯದನ್ನೂ ಕೊಡಬೇಕಾಗುತ್ತದೆ ಎಂದು ಮೆತ್ತಗೆ ಲೆಕ್ಕ ಹೇಳಿದರು. ಆಮೇಲೆ ಸ್ವಲ್ಪ ನಕ್ಕರು.

"ಎಣಿಸಿದ ಮ್ಯಾಲೂ ಅದು ಮಠದ ಮರ್ಯಾದಿ ಅಂತ ತಿಳಕೊಂಡ್ರೇನು ರಾಯರೇ? ನನಗ ಅದು ಕೂಲಿ. ಬಿಸಲಾಗ ಊರೂರು ತಿರುಗತೀನಿ, ಬೇಕು. ನಿಮಗ ಅದು ಏನು ಅಂತ ನೀವೇ ವಿಚಾರ ಮಾಡ್ರಿ. ಅಕ್ಕಾವ್ರ ಮುಂದ ಹೇಳೋದಿದ್ರ ಪೂರ್ತಿ ಹೇಳ್ರಿ. ಅರ್ಧ ಹೇಳಬ್ಯಾಡ್ರಿ."

ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಮನೆ ಇಲ್ಲಿಂದ ಕೂಗಳತೆ. ಹೋಗಿ ಕೈಕಾಲು ತೊಳೆದು, ಹಿಡಿ ಅನ್ನ ತಿಂದು ಮಲಗಿದರೆ ಸಂಜೆಯಾಗುತ್ತದೆ, ಸಂಜೆಯಾದರೆ ನಾಳೆಯಾಗುತ್ತದೆ, ನಾಳೆ ತಾನಾಗಿ ಮುಗಿಯುತ್ತದೆ. ಯಾರೂ ಏನೂ ಮಾಡಿದ ಹಾಗಾಗುವುದಿಲ್ಲ. ಗಡುವು ಎಂಬುದು ಎಷ್ಟು ಸುಖದ ವಸ್ತು ಎಂದು ಅವನಿಗೆ ಹೊಸದಾಗಿ ತೋರಿತು. ಆಫೀಸಿನಲ್ಲಿಯೂ ಎಷ್ಟೋ ಅರ್ಜಿಗಳು ಹಾಗೆ, ಯಾರೂ ಇಲ್ಲವೆನ್ನದೆ, ದಿನ ಮೀರಿ ತಾವೇ ತೀರಿಕೊಂಡಿದ್ದವು. ಅಕ್ಕ ಎಲ್ಲಿ ಹಸಿವಿನಿಂದ ಸಾಯುತ್ತಾಳೆ, ಒಂಬತ್ತೂವರೆ ಸಾವಿರವೇನು ಕಡಿಮೆಯೆ, ಒಬ್ಬಳ ಹೊಟ್ಟೆಗೆ ಎಷ್ಟು ಬೇಕು. ಆ ಮಾತನ್ನು ತನ್ನೊಳಗೆ ಯಾರು ಅಂದದ್ದು ಎಂದು ಬೆಚ್ಚಿ ನಿಂತಿರುವಾಗ ಬಸ್ಸುಗಳ ಕಂಟ್ರೋಲರ್ ಲಿಂಗಣ್ಣ ಚಹಾದ ಲೋಟ ಹಿಡಿದು ಎದುರಿಗೆ ಬಂದ.

"ಏನ್ರೀ ರಾಯರ, ಈ ಹೊತ್ತಿನ್ಯಾಗ ಎಲ್ಲಿಗ್ರೀ?"

ಗದ್ವಾಲದಿಂದ ಬಂದೆ ಅಂದರೆ ಯಾಕೆ ಹೋಗಿದ್ದಿರಿ ಅನ್ನುತ್ತಾನೆ. "ನಾರಾಯಣಪೇಟಿಗೆ. ಅಕ್ಕನ ಮನಿಗೆ," ಅಂದುಬಿಟ್ಟ. ಲಿಂಗಣ್ಣ ಹೊರಟಿದ್ದ ಬಸ್ಸಿಗೆ ಸೀಟಿ ಊದಿ ನಿಲ್ಲಿಸಿ, ರಾಯರು ಅದಾರೆ, ಸೀಟು ಕೊಡಿಸು ಎಂದು ಕಂಡಕ್ಟರನಿಗೆ ಕೂಗಿದ. ಹತ್ತದೆ ಇರಲು ಬರಲಿಲ್ಲ. ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಕೂತು, ಧರ್ಮಕ್ಕೆ ಹೊರಟವನ ಮುಖ ಮಾಡಿಕೊಳ್ಳಬೇಕೆಂದು ನೋಡಿದ. ಬಸ್ಸಿನ ಕನ್ನಡಿಯಲ್ಲಿ ಅದು ಸಿಕ್ಕಿಬಿದ್ದವನ ಮುಖವಾಗಿಯೇ ಉಳಿಯಿತು.

ಅಕ್ಕ ಜಯಾಬಾಯಿಯ ಮನೆ ನೇಕಾರರ ಓಣಿಯಲ್ಲಿ. ಎರಡೂ ಕಡೆ ಮಗ್ಗದ ಸದ್ದು, ಗೋಡೆಗೆ ತಾಗಿಕೊಂಡು. ಅವಳು ಖಾಸಗಿ ಶಾಲೆಯಲ್ಲಿ ತೆಲುಗು ಕಲಿಸಿ ನಿವೃತ್ತಳಾದವಳು. ಆ ಶಾಲೆಗೆ ಪಿಂಚಣಿ ಇಲ್ಲ. ಕೈಗೆ ಬಂದ ಪಿ.ಎಫ್., ಗಂಡನ ಹೆಸರಲ್ಲಿದ್ದ ಪ್ಲಾಟು ಮಾರಿದ ಹಣ, ಎರಡೂ ಸೇರಿ ಆ ಹದಿನೆಂಟು ಲಕ್ಷ. ಬಾಗಿಲಲ್ಲಿ ಅವನನ್ನು ಕಂಡು, ಫೋನು ಮಾಡದೆ ಬಂದಿಯಲ್ಲೋ, ಯಾರಿಗೇನಾಯಿತು ಅಂದಳು. ಒಳಗೆ ಗೋಡೆಯ ಫೋಟೋಗಳನ್ನೆಲ್ಲ ಇಳಿಸಿ ಚಾಪೆಯ ಮೇಲೆ ಒರಗಿಸಿಟ್ಟಿದ್ದಳು. ಮುಂದಿನ ತಿಂಗಳು ಹಿತ್ತಲ ಕಡೆಯ ಖೋಲಿಗೆ ಹೋಗುತ್ತಿದ್ದೇನೆ, ಬಾಡಿಗೆ ಕಡಿಮೆ ಅಂತ ಹಗುರಾಗಿ ಹೇಳಿದಳು. ಆ ಖೋಲಿ ಅವನಿಗೆ ಗೊತ್ತಿತ್ತು. ಮನೆಯ ಮಾಲೀಕರು ನೂಲಿನ ಚೀಲ ಇಡುತ್ತಿದ್ದ ಜಾಗ, ಕಿಟಕಿ ಇಲ್ಲ. ಬೆಳಕು ಬೇಕಾದರೆ ಬಾಗಿಲು ತೆಗೆದಿಡ್ತೀನಿ, ನನಗೇನು ಓದೋದು ಬರೆಯೋದು ಉಳಿದದೆ ಅಂದಳು. ಬಾಡಿಗೆ ಎಷ್ಟು ಉಳಿಯುತ್ತದೆ ಎಂದು ಅವನು ಕೇಳಲಿಲ್ಲ. ಹೇಳಿಬಿಟ್ಟಾಳು ಎಂದು ಹೆದರಿ ನೀರು ಕೇಳಿದ.

ನೀರು ಕುಡಿದು, ಅರ್ಧ ಹೇಳಿದ. ಗದ್ವಾಲದಲ್ಲಿ ಫೀಸು ಕೊಟ್ಟು ಒಬ್ಬ ಹುಡುಗಿಯನ್ನು ಕೇಳಿ ಬಂದದ್ದು, ಕಮಿಷನ್ನಿನದು, ನೇರ ಕೊಂಡರೆ ಹೆಚ್ಚು ಬರುವುದು, ವಿಧ ಬದಲಾಯಿಸಿದರೆ ತಿಂಗಳಿಗೆ ಮೂರು ಸಾವಿರದ ಮೇಲೆ ಹೆಚ್ಚಾಗುವುದು, ನಾಳೆಯೇ ಕೊನೆ. ಹೇಳುತ್ತ ಹೇಳುತ್ತ ಆಚಾರ್ಯರ ಹೆಸರು ಮಾತಿನಲ್ಲಿ ಮುಂದೆ ಮುಂದೆ ಬಂತು. ಅವಳು ಬತ್ತಿ ಹೊಸೆಯುತ್ತ ಕೇಳಿದಳು.

"ಅವರಿಗೆ ಅವರದು ಸಿಕ್ಕದ, ಅದರಾಗೇನು ತಪ್ಪು. ಉಪವಾಸ ಇದ್ದು ಯಾರು ಪುರಾಣ ಓದ್ತಾರ? ತುಳಸಿ ಇಟ್ಟು ನೀರು ಬಿಟ್ಟು ಕೊಟ್ಟೀನೋ ವ್ಯಾಸಾ. ಕೊಟ್ಟದ್ದನ್ನ ತಿರುಗಿ ಇಸಗೊಂಡ್ರ ದತ್ತಾಪಹಾರ ಆಗ್ತದ. ಅಪ್ಪ ಹೇಳ್ತಿದ್ರಲ್ಲ, ಅದಕ್ಕ ಪ್ರಾಯಶ್ಚಿತ್ತನೂ ಇಲ್ಲ ಅಂತ."

ಅದು ದಾನವಲ್ಲ, ಅಂಗಡಿಯಲ್ಲಿ ಸೀರೆ ಕೊಂಡ ಹಾಗೆ, ಬಣ್ಣ ಸೇರದಿದ್ದರೆ ಮರಳಿಸಬಹುದು, ಕಾನೂನೇ ಹಾಗಿದೆ ಎಂದು ಅವನು ಬಿಡಿಸಿ ಬಿಡಿಸಿ ಹೇಳಿದ. ನೀರು ಬಿಟ್ಟದ್ದು ನಮ್ಮ ಪದ್ಧತಿ, ಕಂಪನಿಗೆ ಅದು ಗೊತ್ತಿಲ್ಲ. ದೇವರಿಗೆ ಗೊತ್ತದ ಅಂದಳು ಅವಳು. ಮಗ್ಗದ ಸದ್ದು ನಿಂತು ಮತ್ತೆ ಶುರುವಾಯಿತು. ಅವಳು ಬತ್ತಿಗಳನ್ನು ಪಕ್ಕಕ್ಕಿಟ್ಟು ಸುಮಾರು ಹೊತ್ತು ಒರಗಿಸಿಟ್ಟ ಫೋಟೋಗಳನ್ನೇ ನೋಡುತ್ತಿದ್ದಳು. ತಿಂಗಳಿಗೆ ಮೂರು ಸಾವಿರ, ಎಂದು ತನಗೇ ಹೇಳಿಕೊಂಡಳು. ಆಮೇಲೆ, ಬರಿ, ನೋಡೋಣ, ಏನು ಬರೀತಿ ಅಂದಳು. ಬಿಳಿಯ ಹಾಳೆ, ಪೆನ್ನು, ಕೆಳಗೆ ಇಡಲು ಹಳೆಯ ಹಾಜರಿ ಪುಸ್ತಕ ತಂದುಕೊಟ್ಟಳು.

ತೆಲುಗಿನಲ್ಲಿ ಬರೆದ. ಮೂವತ್ತು ವರ್ಷ ಬರೆದ ಕೈ. ಮೇಲ್ವಿಳಾಸ, ವಿಷಯ, ಉಲ್ಲೇಖ ತಾವಾಗಿ ಬಂದು ಕೂತವು. ಕಾರಣದ ಹತ್ತಿರ ಬಂದಾಗಲೂ ಕೈ ನಿಲ್ಲಲಿಲ್ಲ, ಬಲ್ಲ ದಾರಿಯಲ್ಲೇ ಹೋಯಿತು. ಓದಿ ಹೇಳು ಅಂದಳು ಅಕ್ಕ. ಪಾಲಿಸಿಯ ವಿವರಗಳನ್ನು ಸರಿಯಾಗಿ ತಿಳಿಸಲಾಗಿಲ್ಲವಾದ್ದರಿಂದ, ಎಂದು ಓದಿದ.

"ಯಾರು ತಿಳಿಸಲಿಲ್ಲ?" ಅಂದಳು. ಶಾಲೆಯ ದನಿ ಅದು. "ಆಚಾರ್ರು ಒಂದೊಂದೂ ಓದಿದರು. ನಾನೂ ಕೇಳೀನಿ, ನೀನೂ ಕೇಳೀದಿ. ಬಡಬ್ರಾಹ್ಮಣನ ಮ್ಯಾಲೆ ಸುಳ್ಳು ಬರೀಬ್ಯಾಡ. ಅವರ ಏಜೆನ್ಸಿ ಹೋದೀತು."

ಹಾಳೆಯನ್ನು ನೋಡುತ್ತ ಕೂತ. ವಾಕ್ಯ ನೀಟಾಗಿತ್ತು. ಅಂಥ ವಾಕ್ಯದೊಳಗೆ ಅವನು ಜೀವಮಾನವೆಲ್ಲ ಯಾರ ಕಣ್ಣಿಗೂ ಬೀಳದೆ ಇದ್ದು ಬಂದಿದ್ದ. ಅದನ್ನು ಹೊಡೆದುಹಾಕಿದ. ಹೊಡೆದ ಗೆರೆಯ ಮೇಲೆ ಇನ್ನೊಮ್ಮೆ ಪೆನ್ನು ಎಳೆದ.

"ಮೊದಲನೇದಕ್ಕ ನಾ ಹೂಂ ಅನ್ನಲಿಲ್ಲಕ್ಕಾ."

"ಅರ್ಥ ಆಗಿರಲಿಕ್ಕಿಲ್ಲ ನಿನಗ."

"ಆಗಿತ್ತು."

ಅವಳು ಸುಮ್ಮನಾದಳು. ಆ ಖಾಲಿ ತುಂಬ ದೊಡ್ಡದಾಗಿತ್ತು. ಅದರಲ್ಲಿ ಅವನೇ ಮಾತು ಮುಂದುವರಿಸಬೇಕಿತ್ತು, ಬೇರೆ ಯಾರೂ ಇರಲಿಲ್ಲ. "ಅದರಾಗ ನನಗ ಏನೂ ಇರಲಿಲ್ಲ. ಅದಕ್ಕ ಅನ್ನಲಿಲ್ಲ. ಮೂರನೇದಕ್ಕ ಅಂದೆ," ಎಂದ. ಲಕ್ಕೋಟೆಯನ್ನೂ ಹೇಳಿದ. ಮಷೀನನ್ನೂ ಹೇಳಿದ. ಹೇಳಿ ಮುಗಿದ ಮೇಲೆ, ಹಗುರಾಗುತ್ತದೆ ಎಂದು ಕೇಳಿದ್ದನಲ್ಲ, ಹಾಗೇನೂ ಆಗಲಿಲ್ಲ. ಮೈಮೇಲಿನ ಬಟ್ಟೆ ಕಳಚಿ ಯಾರೋ ಎಣಿಸುತ್ತಿರುವ ಹಾಗಾಯಿತು. ಅಕ್ಕ ಅವನ ಕಿವಿಯ ಕಡೆ ನೋಡುತ್ತಿದ್ದಳು. ಮಷೀನು ಇನ್ನೂ ಜೇಬಿನಲ್ಲೇ ಇತ್ತು.

"ಹಾಕ್ಕೊ ಅದನ್ನ," ಅಂದಳು. ಅದು ಒಮ್ಮೆಲೇ ಕೂರಲಿಲ್ಲ. ಕಾದಳು. "ಈಗ ಸರಿ ಕೇಳಸ್ತದೇನು?"

"ಕೇಳಸ್ತದ."

"ಹಂಗಾದ್ರ ಹೇಳ್ತೀನಿ, ಬರಿ. ನಾನು ಬದುಕಿರೋತನಕ ನನಗ ಹೆಚ್ಚು ಬರೋದು ಬೇಕು. ನನ್ನ ಹಿಂದ ಯಾರಿಗೂ ಏನೂ ಬೇಕಾಗಿಲ್ಲ. ಇದೇ ಕಾರಣ. ಮತ್ತೇನೂ ಸೇರಿಸಬ್ಯಾಡ."

ದತ್ತಾಪಹಾರ? ಎಂದು ಕೇಳಿದ, ತಡೆಯಲಿಕ್ಕೆ ಕೇಳಿದೆನೋ ಏನೋ ಎಂದು ಕೇಳಿದ ಮೇಲೆ ಅನುಮಾನವಾಯಿತು. ಅದು ನನಗೆ ಬರಲಿ, ನಾನು ತೀರಿಸಿಕೊಳ್ಳುತ್ತೇನೆ ಅಂದಳು. ಆಚಾರ್ಯರಿಗೆ ಅವರು ನಡೆದು ಬಂದದ್ದಕ್ಕೆ, ಓದಿದ್ದಕ್ಕೆ, ಎಲ್ಲರ ಎದುರಿಗೆ ತಟ್ಟೆಯಲ್ಲಿ ದಕ್ಷಿಣೆ ಇಡುತ್ತೇನೆ, ಇಷ್ಟು ಅಂತ ಬಾಯಿಬಿಟ್ಟು ಹೇಳಿ. ಗದ್ವಾಲದ ಆ ಹುಡುಗಿಗೂ ಅವಳ ಫೀಸು ನಾನೇ ಕೊಟ್ಟು ಕೂತು ಕೇಳುತ್ತೇನೆ. ಕೇಳುವ ಕೆಲಸವನ್ನು ಇಷ್ಟು ದಿನ ನಿನ್ನ ಮೇಲೆ ಹಾಕಿದ್ದು ನನ್ನದೂ ತಪ್ಪು. ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಬರೆದ. ನನ್ನ ನಂತರ ಯಾರಿಗೂ, ಎಂಬ ಪದಗಳನ್ನು ತನ್ನ ದುಂಡು ಅಕ್ಷರದಲ್ಲಿ ಬರೆಯುವಾಗ ಎದೆಯೊಳಗೆ ಏನೋ ಜಾರಿ ಬಿತ್ತು. ನೆಮ್ಮದಿ ಎಂದುಕೊಳ್ಳಲು ನೋಡಿದ. ನೆಮ್ಮದಿಯಲ್ಲ ಅದು. ಕೈಯಲ್ಲಿದ್ದ ವಸ್ತುವನ್ನು ಕಿತ್ತುಕೊಂಡಾಗ ಆಗುವಂಥದು. ಮಗಳು ಅಕ್ಷಯಾಳ ಮದುವೆಯ ಖರ್ಚಿನ ಹಿಂದೆ, ಸೋರುವ ಮಾಳಿಗೆಗೆ ಹಾಕಿಸಬೇಕಾದ ಹೊಸ ಛತ್ತಿನ ಹಿಂದೆ, ಆ ಹದಿನೆಂಟು ಲಕ್ಷ ಎಷ್ಟೋ ದಿನದಿಂದ ಸದ್ದಿಲ್ಲದೆ ನಿಂತಿತ್ತೆಂಬುದು ಈಗ, ಅದು ಎದ್ದು ಹೋಗುವಾಗ, ಗೊತ್ತಾಯಿತು. ಅದು ಬರಬೇಕಾದರೆ ಮೊದಲು ಏನಾಗಬೇಕಿತ್ತೋ ಅದನ್ನೂ ಅವನ ಮನಸ್ಸು ಲೆಕ್ಕಕ್ಕೆ ಹಿಡಿದೇ ಇತ್ತು. ತಲೆ ಎತ್ತಿದ. ಅಕ್ಕ ನೋಡುತ್ತಿದ್ದಳು. ಮುಖದ ಮೇಲೆ ಹಾದುಹೋದದ್ದನ್ನು ಅವಳು ಕಂಡಳೆಂಬುದರಲ್ಲಿ ಸಂಶಯವಿರಲಿಲ್ಲ. ಉತ್ತರ ಗೊತ್ತಿಲ್ಲದ ಹುಡುಗರ ಮುಖಗಳನ್ನು ಮೂರು ದಶಕ ಓದಿದವಳು. ಹಾಳೆ ಇಸಿದುಕೊಂಡು ಎರಡು ಸಲ ಓದಿ ಸಹಿ ಮಾಡಿದಳು, ಬಾಂಡಿನ ಜೊತೆ ಮಡಿಚಿ ತನ್ನ ಕೈಚೀಲದಲ್ಲಿಟ್ಟಳು.

"ನಾಳೆ ಕಂಪನಿ ಆಫೀಸಿಗೆ ಎಷ್ಟಕ್ಕ ಬರ್ಲಿ?" ಅಂದ.

"ನೀ ಬರೋದು ಬ್ಯಾಡ. ನಾನೊಬ್ಬಾಕೀನ ಹೋಗ್ತೀನಿ."

ಚಪ್ಪಲಿ ಮೆಟ್ಟುವಾಗ ಅವಳು ದೀಪ ಹಚ್ಚುತ್ತಿದ್ದಳು, ಬೆನ್ನು ಇತ್ತ ಇತ್ತು. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಅಕ್ಕ ಬಹಳ ವರ್ಷ ಬಾಳಲಿ ಎಂದು ಅವನು ಒಳಗೇ ಅಂದ. ಅನ್ನುವುದು ಈಗ ಸುಲಭವಾಗಿತ್ತು, ತನ್ನ ಲಾಭವೇನೂ ಅದಕ್ಕೆ ಅಡ್ಡವಿರಲಿಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ಮನೆಯವರ ಹೆಸರುಗಳನ್ನೆಲ್ಲ ಹೇಳಿ ಆಯುಷ್ಯ ಬೇಡುವವನು, ಆ ದ್ವಾದಶಿಯಿಂದ ಈಚೆಗೆ ಒಂದು ದಿನವೂ ಅಕ್ಕನ ಹೆಸರು ಹೇಳಿರಲಿಲ್ಲವೆಂದು ಆಗ ಹೊಳೆಯಿತು. ತುದಿಯ ಕೊಳಾಯಿಯ ಹತ್ತಿರ ಹೆಂಗಸರು ದಾರಿ ಬಿಟ್ಟು ನಿಂತರು. ಅವನಿಗೆ ಮುಂದಕ್ಕೆ ಕಾಲು ಬರಲಿಲ್ಲ.